ಅಗತ್ತಿಯಲ್ಲಿ ಹವಳ ಬೆಳ್ಳಗಾಗಿದ್ದು ನೋಡಿ ಬಂದೆ, ಸಣ್ಣ ಮೀನಿನ ಬಗ್ಗೆ ಮಾತಾಡಬೇಕು

ಹಳೆಬಂದರು:

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನವನು, ಸೋಲಾರ್ ಪ್ಯಾನೆಲ್ ಕೂರಿಸುವ ಕೆಲಸ ಮಾಡುತ್ತೇನೆ. 2024ರ ಮಾರ್ಚ್‌ನಿಂದ ಮೇ ಮೊದಲ ವಾರದವರೆಗೆ ಕೆಲಸದ ಮೇಲೆ ಲಕ್ಷದ್ವೀಪದ ಅಗತ್ತಿಯಲ್ಲಿದ್ದೆ. ವಾಪಸ್ ಬಂದು ಇಷ್ಟು ದಿನ ಆದರೂ ಅಲ್ಲಿ ನೋಡಿದ್ದು ತಲೆಯಿಂದ ಹೋಗುತ್ತಿಲ್ಲ. ಈಗ ಮಳೆಗಾಲ, ಬೋಟಿನವರೂ ಮನೆಯಲ್ಲಿರುತ್ತಾರೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಾನಿದ್ದ ಮನೆಯ ಯಜಮಾನರು ಚೂರೆ ಹಿಡಿಯುವವರು. ಚೂರೆ ಅಂದರೆ ಟ್ಯೂನಾ, ನಮ್ಮ ಕಡೆ ಕೇದರ ಅನ್ನುತ್ತಾರಲ್ಲ, ಆ ಜಾತಿ. ಅವರು ಬಲೆ ಹಾಕಿ ಹಿಡಿಯುವುದಿಲ್ಲ. ಒಂದೊಂದೇ ಮೀನನ್ನು ಕೋಲಿಗೆ ಕಟ್ಟಿದ ಗಾಳದಲ್ಲಿ ಎತ್ತುತ್ತಾರೆ. ಒಂದು ದಿನ ನನ್ನನ್ನೂ ಕರೆದುಕೊಂಡು ಹೋದರು.

ಬೆಳಕು ಹರಿಯುವ ಮೊದಲೇ ಹೊರಟೆವು. ಆದರೆ ನೇರ ಕಡಲಿಗಲ್ಲ. ದ್ವೀಪದ ಸುತ್ತ ಹವಳದ ಕಟ್ಟೆ ಇರುತ್ತದೆ, ಅದರ ಒಳಗೆ ತಿಳಿ ಹಸಿರು ನೀರು, ಲಗೂನ್. ಮೊದಲು ಅಲ್ಲಿ ಎರೆಮೀನು ಹಿಡಿಯಬೇಕು. ಬೆರಳುದ್ದದ ಬೆಳ್ಳಿ ಬಣ್ಣದ ಮೀನು, ಕೆಲವು ಸಲ ಹವಳದ ಕೊಂಬೆಗಳ ನಡುವೆ ಬಚ್ಚಿಟ್ಟುಕೊಳ್ಳುವ ನೀಲಿ, ಕೆಂಪು ಮರಿಗಳು. ಹಿಡಿದ ಮೀನು ಸಾಯಬಾರದು. ಬೋಟಿನ ಹೊಟ್ಟೆಯಲ್ಲೇ ಒಂದು ತೊಟ್ಟಿ ಇದೆ, ಅದರ ತಳದಲ್ಲಿ ತೂತುಗಳಿವೆ. ಬೋಟು ಓಡುತ್ತಿದ್ದ ಹಾಗೆ ಹೊಸ ಕಡಲ ನೀರು ಒಳಗೆ ಬಂದು ಹೋಗುತ್ತಿರುತ್ತದೆ. ಎರೆಮೀನು ಅದರಲ್ಲಿ ಜೀವಂತ ಇರುತ್ತದೆ.

ಆಮೇಲೆ ಹೊರಗಿನ ಕಡಲು. ಹಕ್ಕಿಗಳು ಎಲ್ಲಿ ಮುಗಿಬೀಳುತ್ತಿವೆ ಅಂತ ನೋಡಿ ಅಲ್ಲಿಗೆ ಓಡಿಸುತ್ತಾರೆ. ಒಬ್ಬ ಹುಡುಗ ಹಿಡಿ ಹಿಡಿ ಎರೆಮೀನು ಎಸೆಯುತ್ತಾನೆ. ಇನ್ನೊಬ್ಬ ನೀರು ಚಿಮ್ಮಿಸುತ್ತಾನೆ. ಆ ಹನಿಗಳು ಬಿದ್ದರೆ ಕೆಳಗಿರುವ ಚೂರೆಗೆ ಸಣ್ಣ ಮೀನು ಕುಣಿದ ಹಾಗೆ ಕಾಣುತ್ತದಂತೆ. ಗಾಳಕ್ಕೆ ಹಿಮ್ಮುಳ್ಳು ಇಲ್ಲ. ಮೀನು ಕಚ್ಚಿದ ಕೂಡಲೇ ಕೋಲನ್ನು ತಲೆಯ ಮೇಲಿಂದ ಹಿಂದಕ್ಕೆ ಬೀಸುತ್ತಾರೆ, ಮೀನು ತಾನೇ ಕಳಚಿ ಹಲಗೆಯ ಮೇಲೆ ಬೀಳುತ್ತದೆ. ಗಾಳ ಮತ್ತೆ ನೀರಿಗೆ. ಹತ್ತು ನಿಮಿಷ ಧಡಧಡ ಅಂತ ಮೀನು ಬಿದ್ದ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಆಮೆ ಬೀಳಲಿಲ್ಲ, ಮರಿ ಬೀಳಲಿಲ್ಲ, ಬಿಸಾಡುವಂಥದ್ದು ಒಂದೂ ಬೀಳಲಿಲ್ಲ.

ಸಂಜೆ ಮನೆಯ ಹಿಂದೆ ಆ ಮೀನನ್ನು ಸೀಳಿ, ಕಡಲ ನೀರಲ್ಲೇ ಬೇಯಿಸಿ, ಹೊಗೆಗೆ ಇಟ್ಟು, ಮರುದಿನ ಬಿಸಿಲಿಗೆ ಹಾಕಿದರು. ಒಣಗಿದ ಮೇಲೆ ಕಟ್ಟಿಗೆ ಥರ ಗಟ್ಟಿ. ಅದೇ ಮಾಸ್‌ಮಿನ್. ಹೆಂಗಸರು ಮಕ್ಕಳು ಎಲ್ಲರ ಕೈಯೂ ಅದರಲ್ಲಿದೆ.

ಈಗ ವಿಷಯಕ್ಕೆ ಬರುತ್ತೇನೆ. ಮಾರ್ಚ್‌ನಲ್ಲಿ ಕನ್ನಡಕ ಹಾಕಿ ಲಗೂನ್‌ನಲ್ಲಿ ಮುಳುಗಿದಾಗ ಹವಳ ಕಂದು, ಕೆಂಗಂದು, ಹಳದಿ ಮಿಶ್ರ ಹಸಿರು ಇತ್ತು. ಏಪ್ರಿಲ್ ಕೊನೆಗೆ ಅದೇ ಜಾಗದಲ್ಲಿ ಜಿಂಕೆ ಕೊಂಬಿನಂಥ ಹವಳಗಳೆಲ್ಲ ಸುಣ್ಣ ಬಳಿದ ಹಾಗಾಗಿದ್ದವು. ಕೆಲವದರ ತುದಿ ಮಾತ್ರ ಹೊಳೆಯುವ ನೇರಳೆ. ನೀರು ಸ್ನಾನದ ನೀರಿನ ಹಾಗೆ ಬೆಚ್ಚಗಿತ್ತು. ನೋಡಲಿಕ್ಕೆ ಚಂದವೇ, ಸುಳ್ಳು ಯಾಕೆ ಹೇಳಲಿ. ಆದರೆ ದಡಕ್ಕೆ ಬಂದು ಹೇಳಿದಾಗ ಯಜಮಾನರು ಸುಮ್ಮನೆ ಕೂತುಬಿಟ್ಟರು. ಕೊನೆಗೆ ಒಂದೇ ಮಾತು ಅಂದರು: "ಎರೆಮೀನು ಎಲ್ಲಿ ಮಲಗಬೇಕು?"

ಆ ಪ್ರಶ್ನೆಯನ್ನೇ ಇಲ್ಲಿ ಇಡುತ್ತಿದ್ದೇನೆ. ಗೊತ್ತಿರುವವರು ಹೇಳಿ.

ದಾವಣಗೆರೆ_ಬೆಣ್ಣೆ:

ಅಣ್ಣಾ, ಚೆನ್ನಾಗಿ ಬರೆದಿದ್ದೀರಿ. ನಾನು ಬಯಲುಸೀಮೆಯವನು, ಸಮುದ್ರ ನೋಡಿದ್ದು ಎರಡೇ ಸಲ. ಹವಳ ಅಂದರೆ ನಮಗೆ ಗೊತ್ತಿರೋದು ಉಂಗುರಕ್ಕೆ ಹಾಕುವ ಕೆಂಪು ಹವಳ. ಇದೂ ಅದೂ ಒಂದೇನಾ? ಇದು ಕಲ್ಲಾ, ಗಿಡಾನಾ? ಬೆಳ್ಳಗಾಯಿತು ಅಂದರೆ ಸತ್ತುಹೋಯಿತು ಅಂತಾನಾ?

ಕಡಲೋದು:

ನಾನು ಕಾರವಾರದಲ್ಲಿ ಕಡಲ ಜೀವಶಾಸ್ತ್ರ ಓದಿದವಳು. ಗೊತ್ತಿರುವಷ್ಟು ಹೇಳುತ್ತೇನೆ.

ಉಂಗುರದ ಕೆಂಪು ಹವಳ ಮುಖ್ಯವಾಗಿ ಮೆಡಿಟರೇನಿಯನ್ ಕಡಲಿನದು. ಬೆಳಕು ಕಡಿಮೆ ಇರುವ ಕಡೆ ಬೆಳೆಯುತ್ತದೆ, ಕಟ್ಟೆ ಕಟ್ಟುವುದಿಲ್ಲ. ಹಳೆಬಂದರು ಹೇಳುತ್ತಿರುವುದು ಕಟ್ಟೆ ಕಟ್ಟುವ ಹವಳ. ಕಲ್ಲೂ ಅಲ್ಲ, ಗಿಡವೂ ಅಲ್ಲ, ಪ್ರಾಣಿ. ಕಡಲೆಕಾಳಿಗಿಂತ ಚಿಕ್ಕ ಪ್ರಾಣಿಗಳು ಸಾವಿರಾರು ಒಟ್ಟಿಗೆ ಬಾಳುತ್ತವೆ. ಪ್ರತಿಯೊಂದೂ ತನ್ನ ಬುಡದಲ್ಲಿ ಸುಣ್ಣದ ಬಟ್ಟಲು ಕಟ್ಟಿಕೊಳ್ಳುತ್ತದೆ. ಒಂದರ ಮೇಲೆ ಒಂದು ಸೇರಿ ಸಾವಿರಾರು ವರ್ಷಕ್ಕೆ ಕಟ್ಟೆಯಾಗುತ್ತದೆ. ಲಕ್ಷದ್ವೀಪದ ಒಟ್ಟು ನೆಲ 32 ಚದರ ಕಿಲೋಮೀಟರ್ ಅಷ್ಟೇ. ಅದರ ಒಂದೊಂದು ಹಿಡಿ ಮಣ್ಣೂ ಹೀಗೆ ಬಂದದ್ದು.

ಈ ಪ್ರಾಣಿಯ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇದೆ. ಪಾಚಿ ಬಿಸಿಲು ಹೀರಿ ಸಕ್ಕರೆ ಮಾಡುತ್ತದೆ, ಹವಳ ಅದಕ್ಕೆ ಜಾಗ ಕೊಡುತ್ತದೆ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ 90%ವರೆಗೂ ಈ ಪಾಚಿಯಿಂದಲೇ ಸಿಗಬಹುದು. ಬಣ್ಣವೂ ಬಹುಪಾಲು ಅದರದ್ದೇ. ಬೇಸಿಗೆಯ ಮಾಮೂಲಿ ಬಿಸಿಗಿಂತ ಒಂದು ಡಿಗ್ರಿ ಜಾಸ್ತಿ ಬಿಸಿ ಕೆಲವು ವಾರ ನಿಂತರೆ ಸಾಕು, ಇಬ್ಬರಿಗೂ ಹೊಂದಾಣಿಕೆ ತಪ್ಪುತ್ತದೆ. ಹವಳ ಪಾಚಿಯನ್ನು ಹೊರಗೆ ಹಾಕುತ್ತದೆ. ಪಾಚಿ ಹೋದ ಮೇಲೆ ಮೈ ಗಾಜಿನ ಹಾಗಾಗಿ ಒಳಗಿನ ಸುಣ್ಣ ಕಾಣುತ್ತದೆ. ಅದೇ ಬಿಳಿ.

ಬೆಳ್ಳಗಾದ ಹವಳ ಸತ್ತಿಲ್ಲ, ಉಪವಾಸ ಬಿದ್ದಿದೆ. ಬೇಗ ನೀರು ತಣ್ಣಗಾದರೆ ಪಾಚಿ ವಾಪಸ್ ಬರುತ್ತದೆ. ಬಿಸಿ ನಿಂತೇ ಇದ್ದರೆ ಸಾಯುತ್ತದೆ. ಸತ್ತ ಮೇಲೆ ಅದರ ಮೇಲೆ ಬೇರೆ ಥರದ ಪಾಚಿ ಕೂದಲಿನ ಹಾಗೆ ಹಬ್ಬುತ್ತದೆ.

ಲಕ್ಷದ್ವೀಪಕ್ಕೆ ಇದು ಮೊದಲ ಸಲ ಅಲ್ಲ. 1998, 2010, 2016, ಆಮೇಲೆ 2024. ಮೊದಲ ಎರಡರ ನಡುವೆ 12 ವರ್ಷ ಸಿಕ್ಕಿತ್ತು. ಆಮೇಲೆ 6, ಆಮೇಲೆ 8. ಕಟ್ಟೆ ಚೇತರಿಸಿಕೊಳ್ಳಲು ಹತ್ತಾರು ವರ್ಷ ಬೇಕು. ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಅಗತ್ತಿ, ಕದ್ಮತ್, ಕವರತ್ತಿಯ ಕಟ್ಟೆಗಳನ್ನು 1998ರಿಂದ ನೋಡುತ್ತಾ ಬಂದಿದ್ದಾರೆ. ಆಗ ಜೀವಂತ ಹವಳ ಸುಮಾರು 37% ಇತ್ತು. 2022ರಲ್ಲಿ ಸುಮಾರು 19%. ಅರ್ಧಕ್ಕೆ ಅರ್ಧ ಹೋಗಿದೆ. 2024ರ ಬಿಸಿ ಈ ಲೆಕ್ಕದಲ್ಲಿ ಸೇರಿಯೇ ಇಲ್ಲ.

ನಿಮ್ಮ ಯಜಮಾನರು ಕೇಳಿದ್ದು ಸರಿಯಾದ ಪ್ರಶ್ನೆ. ಕೊಂಬೆ ಮುರಿದು ಪುಡಿಯಾದರೆ ಮರಿಗಳಿಗೆ ಅಡಗುವ ಸಂದಿ ಇಲ್ಲ. ಚೂರೆ ಬರುವುದು ದೊಡ್ಡ ಕಡಲಿನಿಂದ, ನಿಜ. ಆದರೆ ಅದನ್ನು ಬೋಟಿನ ಹತ್ತಿರ ಕರೆಯುವ ಎರೆ ಹುಟ್ಟಿ ಬೆಳೆಯುವುದು ಹವಳದ ಮಡಿಲಲ್ಲಿ.

ಮಲ್ಪೆ_ಬೋಟು:

ಓದಿದೆ. ಒಳ್ಳೆಯದಾಯಿತು. ಆದರೆ ಒಂದು ಮಾತು ಕೇಳಬೇಕು ಅಂತ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಡೀಪ್ ಸೀ ಟ್ರಾಲ್ ಬೋಟಿನಲ್ಲಿ, ಅಂದರೆ ಹಿಂದೆ ದೊಡ್ಡ ಬಲೆ ಎಳೆದುಕೊಂಡು ಹೋಗುವ ಬೋಟಿನಲ್ಲಿ, 14 ವರ್ಷದಿಂದ ಇದ್ದೇನೆ. ಒಂದು ಸಲ ಹೋದರೆ ಎಂಟು ಹತ್ತು ದಿನ. ಡೀಸೆಲ್, ಐಸು, ರೇಷನ್ ಎಲ್ಲ ಸಾಲದಲ್ಲೇ ಹತ್ತುತ್ತದೆ. ಬಂದು ಮೀನು ಇಳಿಸಿದ ಮೇಲೆ ಖರ್ಚು ಕಳೆದು ಉಳಿದದ್ದರಲ್ಲಿ ನಮ್ಮ ಪಾಲು. ಕೋಲು ಹಿಡಿದು ಒಂದೊಂದೇ ಮೀನು ಎತ್ತುವುದು ನೋಡಲಿಕ್ಕೆ ಚಂದ ಮಾರಾಯ್ರೆ, ನಮ್ಮ ಬೋಟಿನ ಲೆಕ್ಕಕ್ಕೆ ಅದು ಹೊಂದುವುದಿಲ್ಲ. ಇಂಥದ್ದು ಓದಿದ ಮೇಲೆ ಎಲ್ಲರೂ ನಮ್ಮ ಕಡೆಗೇ ಬೆರಳು ಮಾಡುತ್ತಾರೆ.

ಇನ್ನೊಂದು ಪ್ರಶ್ನೆ. ಕೆಲವು ವರ್ಷ ಕಾರ್ಗಿಲ್ ಮೀನು ರಾಶಿ ರಾಶಿ ಬೀಳುತ್ತದೆ. ಕಪ್ಪು ಮೈ, ಕೆಂಪು ಹಲ್ಲು, ಚರ್ಮ ಮರಳು ಕಾಗದದ ಹಾಗೆ. ಬಲೆ ಹರಿಯುತ್ತದೆ, ಕೈ ತರಚುತ್ತದೆ. ಊಟಕ್ಕೆ ಯಾರೂ ಕೊಳ್ಳುವುದಿಲ್ಲ, ಮೀನಿನ ಪುಡಿ ಮಾಡುವ ಫಿಶ್‌ಮಿಲ್ಲಿಗೆ ಹೋಗುತ್ತದೆ. ಅದು ಎಲ್ಲಿಂದ ಬರುತ್ತದೆ?

ಕಡಲೋದು:

ಬೋಟಣ್ಣಾ, ಬೇಜಾರು ಯಾಕೆ? ನೀವು ಮಾತಾಡದಿದ್ದರೆ ಈ ಚರ್ಚೆಗೆ ಅರ್ಥವೇ ಇಲ್ಲ.

ಕಾರ್ಗಿಲ್ ಹವಳ ಮತ್ತು ಬಂಡೆಯ ಆಸುಪಾಸಿನ ಮೀನು. ಟ್ರಿಗರ್ ಮೀನಿನ ಜಾತಿ. ನೀರಿನಲ್ಲಿ ತೇಲಿಬರುವ ಸಣ್ಣ ಜೀವಿಗಳನ್ನು ತಿನ್ನುತ್ತದೆ. ಬೆದರಿದರೆ ಬಂಡೆಯ ಸಂದಿಗೆ ನುಗ್ಗಿ ಬೆನ್ನಿನ ಮುಳ್ಳನ್ನು ಸೆಟೆದು ನಿಲ್ಲಿಸಿಕೊಳ್ಳುತ್ತದೆ. ಆಮೇಲೆ ಎಳೆದರೂ ಬರುವುದಿಲ್ಲ. ನಿಮ್ಮ ಬಲೆ ಹರಿಯುವುದೂ ಆ ಮುಳ್ಳಿಗೇ. ಒಂದು ಜಾತಿ ಹೀಗೆ ವಿಪರೀತ ಏರಿದರೆ ಅದನ್ನು ತಿನ್ನುವ ದೊಡ್ಡ ಮೀನು ಏನಾಯಿತು ಅಂತ ಕೇಳಬೇಕಾಗುತ್ತದೆ. ಮುರು, ಶಾರ್ಕ್, ಅಂಜಲ್ ಇವೆಲ್ಲ ಮೇಲಿನ ಮೆಟ್ಟಿಲಿನವು. ಮೇಲಿನದನ್ನು ತೆಗೆದರೆ ಕೆಳಗಿನದು ತನ್ನಷ್ಟಕ್ಕೆ ಇರುವುದಿಲ್ಲ.

ಅಗತ್ತಿಯಲ್ಲೇ ಇದಕ್ಕೆ ಒಂದು ಉದಾಹರಣೆ ಇದೆ. ಅಲ್ಲಿನ ಲಗೂನ್‌ನಲ್ಲಿ ಕಡಲ ಹುಲ್ಲು ಗದ್ದೆಯ ಹಾಗೆ ಬೆಳೆದಿತ್ತು. ಹಸಿರು ಆಮೆಗಳಿಗೆ ಅದೇ ಮೇವು. ಕಾನೂನು ಬಂದ ಮೇಲೆ ಆಮೆಯನ್ನು ಯಾರೂ ಮುಟ್ಟುವುದಿಲ್ಲ, ಒಳ್ಳೆಯದೇ. ಆದರೆ ಆಮೆಯನ್ನು ತಿನ್ನುವ ಹುಲಿ ಶಾರ್ಕ್‌ಗಳು ಕಡಲಿನಲ್ಲಿ ಕಡಿಮೆಯಾಗಿವೆ. ಆಮೆಗಳು ಗುಂಪು ಗುಂಪಾಗಿ ಬಂದು ಹುಲ್ಲನ್ನು ಬುಡದವರೆಗೆ ಮೇಯ್ದವು. ಹುಲ್ಲಿನಲ್ಲಿ ಬೆಳೆಯುವ ಮರಿ ಮೀನು ಕಡಿಮೆಯಾಯಿತು. ಮೀನುಗಾರರಿಗೆ ಆಮೆ ಕಂಡರೆ ಸಿಟ್ಟು ಬರತೊಡಗಿತು. ಅಲ್ಲಿ ಖಾಲಿಯಾದ ಮೇಲೆ ಆಮೆಗಳು ಬೇರೆ ದ್ವೀಪಗಳ ಲಗೂನ್‌ಗೆ ಹೋದವು. ಆಮೆಯದ್ದು ತಪ್ಪಾ? ಮೀನುಗಾರನದ್ದಾ? ಮೇಲಿನ ಒಂದು ಮೆಟ್ಟಿಲು ಬಿದ್ದುಹೋಗಿದೆ, ಅದರ ಪೆಟ್ಟು ಕೆಳಗಿನ ಎಲ್ಲರಿಗೂ.

ಹಳೆಬಂದರು:

ಬೋಟಣ್ಣ, ನಿಮ್ಮ ಮೇಲೆ ಬೆರಳು ಮಾಡಲು ನಾನು ಬರೆದಿಲ್ಲ, ನಂಬಿ. ನನ್ನ ಅಜ್ಜ ಬಂದರಿನಲ್ಲಿ ಮಂಜಿಗೆ ಸಾಮಾನು ಹೊತ್ತವರು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಮಂಜಿ ಅಂದರೆ ಮರದ ದೊಡ್ಡ ಹಡಗು. ಮಂಗಳೂರಿನ ಹಳೆ ಬಂದರಿನಿಂದ ಅಕ್ಕಿ, ತರಕಾರಿ, ಜಲ್ಲಿ, ಮರಳು, ಇಟ್ಟಿಗೆ ಎಲ್ಲ ಲಕ್ಷದ್ವೀಪಕ್ಕೆ ಹೋಗುವುದು ಇವುಗಳಲ್ಲೇ. ಮಳೆಗಾಲದಲ್ಲಿ ನಿಲ್ಲುತ್ತದೆ. ಆ ನಾಲ್ಕು ತಿಂಗಳು ದ್ವೀಪದವರು ಕೂಡಿಟ್ಟದ್ದರಲ್ಲಿ ದಿನ ಕಳೆಯುತ್ತಾರೆ, ಅಜ್ಜ ಕೂಲಿ ಇಲ್ಲದೆ ಕಳೆಯುತ್ತಿದ್ದರು. ಹಾಗಾಗಿ ಕಡಲು ಮುಚ್ಚಿದರೆ ಮನೆಯಲ್ಲಿ ಏನಾಗುತ್ತದೆ ಅಂತ ನನಗೂ ಗೊತ್ತು.

ಕಾಸರಗೋಡು_ಮೇಷ್ಟ್ರು:

ಮಂಜಿ ಮಾತು ಬಂತಲ್ಲ, ಒಂದು ಹಳೆ ಸಂಗತಿ ಸೇರಿಸುತ್ತೇನೆ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ಈ ಐದು ದ್ವೀಪಗಳಿಗೆ ಅಮಿನ್‌ದೀವಿ ಅನ್ನುತ್ತಾರೆ. 1780ರ ದಶಕದಲ್ಲಿ ಇವು ಟಿಪ್ಪು ಸುಲ್ತಾನನ ಕೈಗೆ ಬಂದವು. 1799ರ ನಂತರ ಇಂಗ್ಲಿಷರಿಗೆ ಹೋದವು. ಆಮೇಲೆ 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಮಿನಿಯಲ್ಲಿ ಮೊನೆಗಾರ ಅಂತ ಒಬ್ಬ ಅಧಿಕಾರಿ ಇರುತ್ತಿದ್ದ. ಅವನ ಮೇಲಿನವರು ಮಂಗಳೂರಿನ ಕಲೆಕ್ಟರ್. ದ್ವೀಪದವರು ತೆಂಗಿನ ನಾರಿನ ಹಗ್ಗ ತಂದು ಕೊಟ್ಟು ಅಕ್ಕಿ ಒಯ್ಯುತ್ತಿದ್ದರು. ಅಲ್ಲಿ ಅಕ್ಕಿ ಬೆಳೆಯುವುದಿಲ್ಲ, ಮಣ್ಣೆಲ್ಲ ಹವಳದ ಮರಳು. ಹಾಗಾಗಿ ಅಮಿನಿ, ಕದ್ಮತ್ ಅಂದರೆ ಎಲ್ಲೋ ದೂರದ ಊರು ಅಂತ ನಮಗೆ ಅನ್ನಿಸಬಾರದು. ನಮ್ಮ ಗಂಜಿಯ ಅಕ್ಕಿಯೇ ಅವರ ತಟ್ಟೆಯಲ್ಲೂ ಇತ್ತು.

ಗಂಗೊಳ್ಳಿ_ಬುಟ್ಟಿ:

ಇದು ಅಮ್ಮ ಹೇಳಿದ್ದು, ನಾನು ಟೈಪ್ ಮಾಡುತ್ತಿದ್ದೇನೆ. ಅಮ್ಮ 30 ವರ್ಷದಿಂದ ಮೀನು ಮಾರುತ್ತಾರೆ. ಮೊದಲು ತಲೆ ಮೇಲೆ ಬುಟ್ಟಿ, ಈಗ ರಿಕ್ಷಾ.

"ನಾನು ಓದಿದವಳಲ್ಲ. ಆದರೆ ಕೈಗೆ ಗೊತ್ತಾಗುತ್ತದೆ. ಬೈಗೆ ಮೀನು, ಬೂತಾಯಿ ಅನ್ನುತ್ತಾರಲ್ಲ ಅದು, ಮೊದಲು ಕೈಯಲ್ಲಿ ಹಿಡಿದರೆ ಬೆರಳಿನಿಂದ ಆಚೆ ಬಾಲ ಬರುತ್ತಿತ್ತು. ಸಾರು ಮಾಡಿದರೆ ಮೇಲೆ ಎಣ್ಣೆ ತೇಲುತ್ತಿತ್ತು. ಈಗ ಕೆಲವು ಸಲ ಬರುವುದು ನೋಡಿದರೆ ಅಂಗೈಯೊಳಗೇ ಮುಗಿಯುತ್ತದೆ. ಹೊಟ್ಟೆ ಸೀಳಿದರೆ ಮೊಟ್ಟೆ ಇಲ್ಲ. ಇನ್ನೂ ಮೊಟ್ಟೆಯನ್ನೇ ಇಡದ ಮೀನನ್ನು ಹಿಡಿದರೆ ಮುಂದಿನ ವರ್ಷ ಯಾರನ್ನು ಕೇಳುವುದು? ಗಿರಾಕಿಯೂ ಬೈಯುತ್ತಾರೆ. ಉಳಿದದ್ದು ಸಂಜೆ ಫಿಶ್‌ಮಿಲ್ಲಿನ ಲಾರಿಗೆ. ನಾನು ಕಿಲೋಗೆ ಎಷ್ಟು ಕೊಟ್ಟು ತಂದಿದ್ದೆ, ಅವರು ಎಷ್ಟು ಕೊಡುತ್ತಾರೆ, ಅದನ್ನು ಹೇಳಿದರೆ ಕಣ್ಣಲ್ಲಿ ನೀರು ಬರುತ್ತದೆ."

ಅಮ್ಮನ ಮಾತು ಇಷ್ಟು. ನನ್ನದೊಂದು ಪ್ರಶ್ನೆ. ಬೈಗೆಗೂ ಹವಳಕ್ಕೂ ಸಂಬಂಧ ಇದೆಯಾ? ನಮ್ಮಲ್ಲಿ ಹವಳವೇ ಇಲ್ಲವಲ್ಲ?

ಕಡಲೋದು:

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ ಅಕ್ಕ. ಅವರ ಬೆರಳಿನ ಅಳತೆಯನ್ನೇ ಕಾನೂನು ಸೆಂಟಿಮೀಟರ್‌ನಲ್ಲಿ ಹೇಳುತ್ತದೆ. ಕೇರಳದಲ್ಲಿ ಬೈಗೆ 10 ಸೆಂಟಿಮೀಟರ್‌ಗಿಂತ ಚಿಕ್ಕದು, ಬಂಗುಡೆ 14 ಸೆಂಟಿಮೀಟರ್‌ಗಿಂತ ಚಿಕ್ಕದು ಹಿಡಿಯುವ ಹಾಗಿಲ್ಲ.

ಬೈಗೆಗೆ ಹವಳ ಬೇಕಿಲ್ಲ. ಅದರ ಕಥೆ ಶುರುವಾಗುವುದು ಮಳೆಗಾಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಗೆ ಮೇಲಿನ ನೀರು ದಡದಿಂದ ಆಚೆ ಸರಿಯುತ್ತದೆ, ಆಳದ ತಣ್ಣನೆಯ ನೀರು ಮೇಲೆ ಬರುತ್ತದೆ. ಅದರ ಜತೆ ಗೊಬ್ಬರದ ಸತ್ವ. ಬಿಸಿಲು ಬಿದ್ದ ಕೂಡಲೇ ಡಯಾಟಮ್ ಅನ್ನುವ ಸಣ್ಣ ತೇಲು ಪಾಚಿ ಹುಚ್ಚೆದ್ದು ಬೆಳೆಯುತ್ತದೆ. ಬೈಗೆ ಅದನ್ನು ಕಿವಿರಿನಲ್ಲಿ ಸೋಸಿ ತಿಂದು ಎಣ್ಣೆ ಮಾಡಿಕೊಳ್ಳುತ್ತದೆ. ಬೈಗೆಯನ್ನು ಅಂಜಲ್, ಕೇದರ, ಡಾಲ್ಫಿನ್ ತಿನ್ನುತ್ತವೆ. ಒಂದು ಮೆಟ್ಟಿಲಿನಿಂದ ಮೇಲಿನ ಮೆಟ್ಟಿಲಿಗೆ ಹೋಗುವುದು ಹೆಚ್ಚು ಕಡಿಮೆ ಹತ್ತರಲ್ಲಿ ಒಂದು ಪಾಲು. ಅಂದರೆ ಅಂಜಲ್ ಒಂದು ಕಿಲೋ ತೂಗಬೇಕಾದರೆ ಹತ್ತು ಕಿಲೋ ಬೈಗೆ, ಅದಕ್ಕೆ ನೂರು ಕಿಲೋ ಪಾಚಿ. ಲೆಕ್ಕ ಸ್ಥೂಲ, ಆದರೆ ದಾರಿ ಇದೇ.

ಹವಳದ ದ್ವೀಪದಲ್ಲಿ ಲಗೂನ್‌ನ ಎರೆಮೀನು ಯಾವ ಜಾಗದಲ್ಲಿ ಇದೆಯೋ ನಮ್ಮ ಕರಾವಳಿಯಲ್ಲಿ ಬೈಗೆ, ಮಣಂಗು, ಮರಿ ಬಂಗುಡೆ ಆ ಜಾಗದಲ್ಲಿವೆ. ಕೆಳಗಿನ ಪಾಚಿಯನ್ನೂ ಮೇಲಿನ ದೊಡ್ಡ ಮೀನನ್ನೂ ಕಟ್ಟಿ ಹಿಡಿದಿರುವ ಗಂಟು ಈ ಸಣ್ಣ ಮೀನು. ಗಂಟು ಬಿಚ್ಚಿದರೆ ಎರಡೂ ಕಡೆ ಕಳಚಿಹೋಗುತ್ತದೆ. ನನಗೆ ಸಂಕಟ ಆಗುವುದು ಇಲ್ಲೇ. ಒಂದು ಕಿಲೋ ಮೀನಿನ ಪುಡಿಗೆ ನಾಲ್ಕೈದು ಕಿಲೋ ಹಸಿ ಮೀನು ಬೇಕು. ಆ ಪುಡಿ ಸಿಗಡಿ ಕೆರೆಗೂ ಕೋಳಿ ಫಾರಂಗೂ ಹೋಗುತ್ತದೆ. ಅಮ್ಮನ ಬುಟ್ಟಿಗೆ ಬೆಳೆದು ಬರಬೇಕಾದ ಮೀನು ಮರಿಯಾಗಿದ್ದಾಗಲೇ ಪುಡಿಯಾಗುತ್ತದೆ.

ನಮ್ಮಲ್ಲಿ ಹವಳ ಇಲ್ಲ ಅನ್ನುವುದು ಮಾತ್ರ ಸರಿಯಲ್ಲ. ನೇತ್ರಾಣಿ ಇದೆಯಲ್ಲ.

ಮುರುಡೇಶ್ವರ_ಈಜು:

ನೇತ್ರಾಣಿ ಅಂತ ಕಂಡ ಕೂಡಲೇ ಬಂದೆ. ನಾನು ಅಲ್ಲಿ ಡೈವಿಂಗ್ ಬೋಟಿನಲ್ಲಿ ಕೆಲಸ ಮಾಡುತ್ತೇನೆ.

ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್. ದೂರದಿಂದ ನೋಡಿದರೆ ಬರೀ ಬಂಡೆಯ ಗುಡ್ಡ. ಮೇಲೆ ಯಾರೂ ಇಲ್ಲ. ಹರಕೆ ಅಂತ ಮೀನುಗಾರರು ಬಿಟ್ಟ ಆಡುಗಳಿವೆ, ಬಿಳಿ ಹೊಟ್ಟೆಯ ಕಡಲ ಹದ್ದುಗಳಿವೆ. ನೌಕಾಪಡೆಯವರು ಗುರಿ ಅಭ್ಯಾಸಕ್ಕೂ ಇದೇ ದ್ವೀಪವನ್ನು ಬಳಸಿದ್ದಾರೆ. ಲಕ್ಷದ್ವೀಪದ ಹಾಗೆ ಇಡೀ ದ್ವೀಪವೇ ಹವಳದ್ದಲ್ಲ. ಇಲ್ಲಿ ಹವಳ ಬಂಡೆಗೆ ಅಂಟಿಕೊಂಡು ಬೆಳೆದಿದೆ. ನಮ್ಮ ಕಡಲಿಗೆ ನದಿಗಳ ಕೆಸರು ಬರುತ್ತದೆ, ಹವಳಕ್ಕೆ ತಿಳಿ ನೀರು ಬೇಕು. ನೇತ್ರಾಣಿ ದಡದಿಂದ ಅಷ್ಟು ದೂರ ಇರುವುದರಿಂದಲೇ ಅದು ಬದುಕಿದೆ.

ಗಿಳಿಮೀನು ಹವಳದ ಬಂಡೆಯನ್ನು ಕಡಿಯುವುದು ನೋಡಿದ್ದೀರಾ? ನೀರಿನಡಿಯಲ್ಲಿ ಸದ್ದು ಕೇಳುತ್ತದೆ. ಚಕ್ಕುಲಿ ಮುರಿದ ಹಾಗೆ, ಕರಕ್ ಕರಕ್. ಕೊಕ್ಕಿನಂಥ ಹಲ್ಲಿನಿಂದ ಪಾಚಿ ಕೆರೆಯುತ್ತಾ ಸುಣ್ಣವನ್ನೂ ಕಡಿದು ನುಂಗುತ್ತದೆ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಬಿಳಿ ಮರಳು ಹೊಗೆಯ ಹಾಗೆ ಬೀಳುತ್ತದೆ. ಮೊದಲ ಸಲ ನೋಡಿದಾಗ ಉಸಿರು ಬಿಡುವುದನ್ನೇ ಮರೆತಿದ್ದೆ. ಹವಳದ ದ್ವೀಪಗಳ ಬೀಚಿನ ಬಿಳಿ ಮರಳಿನಲ್ಲಿ ದೊಡ್ಡ ಪಾಲು ಈ ಮೀನು ಹಾಕಿದ್ದೇ ಅಂತೆ.

ನಮ್ಮ ಕಷ್ಟ ಎರಡು. ಹರಿದ ಬಲೆ ಬಂಡೆಗೆ ಸಿಕ್ಕಿ ಹಾಗೇ ಉಳಿಯುತ್ತದೆ. ನೈಲಾನ್, ಕೊಳೆಯುವುದಿಲ್ಲ. ಯಾರೂ ಎಳೆಯದಿದ್ದರೂ ಅದು ಮೀನು ಹಿಡಿಯುತ್ತಲೇ ಇರುತ್ತದೆ. ಒಮ್ಮೆ ಕತ್ತರಿಸಿ ಬಿಡಿಸುವಾಗ ಒಳಗೆ ಒಂದು ಮುರು ಇತ್ತು. ಅರ್ಧ ಕೊಳೆತಿತ್ತು, ಅದನ್ನು ತಿನ್ನಲು ಬಂದ ಏಡಿಯೂ ಸಿಕ್ಕಿಬಿದ್ದಿತ್ತು. ಇನ್ನೊಂದು ಲಂಗರು. ಸುಮ್ಮನೆ ಒಂದು ಸಲ ಎಸೆದರೆ ತಟ್ಟೆಯಷ್ಟು ಹವಳ ಪುಡಿ. ಅದು ಆ ಅಳತೆಗೆ ಬೆಳೆಯಲು ಎಷ್ಟೋ ವರ್ಷ ಹಿಡಿದಿರುತ್ತದೆ. ಒಂದೇ ಕಡೆ ಬೋಯ್, ಅಂದರೆ ನೀರಿನ ಮೇಲೆ ತೇಲುವ ಬುರುಡೆ, ಕಟ್ಟಿ ಬೋಟನ್ನು ಅದಕ್ಕೆ ಕಟ್ಟಿದರೆ ಮುಗಿಯಿತು, ದೊಡ್ಡ ಖರ್ಚೂ ಇಲ್ಲ.

ದಾವಣಗೆರೆ_ಬೆಣ್ಣೆ:

ಮೀನು ಮರಳು ಮಾಡುತ್ತದೆ ಅನ್ನೋದು ನನಗೆ ಹೊಸದು. ಹಾಗಾದರೆ ಗಿಳಿಮೀನನ್ನು ಹಿಡಿದು ತಿಂದುಬಿಟ್ಟರೆ ದ್ವೀಪವೇ ಸವೆದುಹೋಗುತ್ತದಾ?

ಕಡಲೋದು:

ಒಂದೇ ಏಟಿಗೆ ಅಲ್ಲ. ಆದರೆ ಯೋಚಿಸುತ್ತಿರುವ ದಾರಿ ಸರಿ.

ಸತ್ತ ಹವಳದ ಮೇಲೆ ಪಾಚಿ ಹಬ್ಬುತ್ತದೆ ಅಂದೆನಲ್ಲ, ಅದನ್ನು ಕೆರೆದು ಜಾಗ ಮಾಡಿಕೊಡುವುದು ಗಿಳಿಮೀನಿನಂಥವು. ಜಾಗ ಇದ್ದರೆ ಹವಳದ ಮರಿ ಬಂದು ಅಂಟಿಕೊಳ್ಳುತ್ತದೆ. ಇಲ್ಲದಿದ್ದರೆ ಕಟ್ಟೆ ಮತ್ತೆ ಎದ್ದೇಳುವುದಿಲ್ಲ. ಲಕ್ಷದ್ವೀಪದಲ್ಲಿ ಜನ ಹೆಚ್ಚಾಗಿ ಚೂರೆಯನ್ನೇ ನಂಬಿದ್ದರಿಂದ ಕಟ್ಟೆಯ ಮೀನಿನ ಮೇಲೆ ಒತ್ತಡ ಕಡಿಮೆ ಇತ್ತು. 1998ರ ಹೊಡೆತದ ನಂತರ ಹವಳ ಚೇತರಿಸಿಕೊಂಡಿದ್ದಕ್ಕೆ ಇದೂ ಒಂದು ಕಾರಣ. ಈಗ ಹೊರಗಿನ ಮಾರುಕಟ್ಟೆಗೆ ಕಟ್ಟೆಯ ಮೀನು ಹೋಗುವುದು ಜಾಸ್ತಿಯಾಗುತ್ತಿದೆ. ಮುರು, ಗಿಳಿಮೀನು ಎಲ್ಲ. ನನಗೆ ಬಿಸಿ ನೀರಿಗಿಂತ ಇದರದ್ದೇ ಹೆಚ್ಚು ಭಯ. ಬಿಸಿಯನ್ನು ಅಗತ್ತಿಯವರೊಬ್ಬರೇ ತಡೆಯಲಾರರು, ಇದನ್ನಾದರೂ ತಡೆಯಬಹುದಲ್ಲ.

ಇನ್ನು ಕಟ್ಟೆ. ಅಲೆಯ ಶಕ್ತಿಯಲ್ಲಿ ಸರಾಸರಿ 97% ಹವಳದ ಕಟ್ಟೆಯಲ್ಲೇ ಒಡೆದುಹೋಗುತ್ತದೆ ಅಂತ ಲೆಕ್ಕ ಹಾಕಿದ್ದಾರೆ. ಕಟ್ಟೆ ಕುಸಿದರೆ ಅಲೆ ಸೀದಾ ದಡಕ್ಕೆ. ಅಗತ್ತಿಯ ಹತ್ತಿರವೇ ಬಂಗಾರಂ ಗುಂಪಿನಲ್ಲಿ ಪರಲಿ-1 ಅಂತ ಪುಟ್ಟ ದ್ವೀಪ ಇತ್ತು, ಯಾರೂ ವಾಸ ಇರಲಿಲ್ಲ. 1968ರ ನಕ್ಷೆಯಲ್ಲಿದೆ, ಈಗ ಇಲ್ಲ. ಪೂರ್ತಿ ಕೊರೆದುಹೋಗಿದೆ. ಕುಡಿಯುವ ನೀರೂ ಇದರ ಜತೆ ಸೇರಿಕೊಂಡಿದೆ. ಈ ದ್ವೀಪಗಳಲ್ಲಿ ಮಳೆಯ ಸಿಹಿನೀರು ಉಪ್ಪು ನೀರಿನ ಮೇಲೆ ತೆಳ್ಳಗೆ ತೇಲಿಕೊಂಡಿರುತ್ತದೆ. ಕಡಲು ಒಳಗೆ ಬಂದಷ್ಟೂ ಬಾವಿ ಉಪ್ಪಾಗುತ್ತದೆ.

ಉಳ್ಳಾಲದ_ಮನೆ:

ಕಡಲು ದಡ ತಿನ್ನುವುದು ನಮಗೆ ಹೇಳಬೇಕಾ. ನಮ್ಮ ಸಾಲಿನ ಮನೆಗಳ ಮುಂದೆ ಕಲ್ಲು ಹಾಕುತ್ತಾರೆ, ಮಳೆಗಾಲ ಅದನ್ನು ಎಳೆದುಕೊಂಡು ಹೋಗುತ್ತದೆ, ಮತ್ತೆ ಕಲ್ಲು ಹಾಕುತ್ತಾರೆ. ಹವಳ ಅದನ್ನೇ ಪುಕ್ಕಟೆಯಾಗಿ ಮಾಡುತ್ತಿದೆ, ಅದೂ ತಾನೇ ರಿಪೇರಿ ಮಾಡಿಕೊಂಡು.

ಈಗ ನಮ್ಮ ಕರಾವಳಿಯಲ್ಲಿ ಸಿಮೆಂಟಿನ ಕೃತಕ ಬಂಡೆ ಮುಳುಗಿಸುತ್ತಿದ್ದಾರಲ್ಲ, ಕೇಂದ್ರ ಸರ್ಕಾರದ ಮತ್ಸ್ಯ ಸಂಪದ ಯೋಜನೆಯಲ್ಲಿ, ಅದರಿಂದ ಉಪಯೋಗ ಇದೆಯಾ?

ಕಡಲೋದು:

ಇದೆ. ಸಿಮೆಂಟಿನ ಮೇಲೆ ಚಿಪ್ಪು, ಸ್ಪಂಜು, ಪಾಚಿ ಹಿಡಿಯುತ್ತದೆ. ಸಂದಿಯಲ್ಲಿ ಮರಿ ಉಳಿಯುತ್ತದೆ. ಬಂಡೆ ಇರುವಲ್ಲಿ ಟ್ರಾಲ್ ಬಲೆ ಎಳೆಯಲು ಆಗುವುದಿಲ್ಲ, ಅದೂ ಲಾಭವೇ. ನಾಡದೋಣಿಯವರಿಗೆ ಹತ್ತಿರದಲ್ಲೇ ಗಾಳ ಹಾಕಬಹುದು. ಆದರೆ ಬಂಡೆ ಮೊದಲು ಮೀನನ್ನು ಒಂದು ಕಡೆ ಸೇರಿಸುತ್ತದೆ, ಸಂಖ್ಯೆ ಹೆಚ್ಚುವುದು ಆಮೇಲೆ. ಸೇರಿದ ಕೂಡಲೇ ಎಲ್ಲರೂ ಬಂದು ಬಾಚಿದರೆ ಇದ್ದದ್ದೂ ಹೋಗುತ್ತದೆ.

ಮಲ್ಪೆ_ಬೋಟು:

ಮೂರು ದಿನದಿಂದ ಓದುತ್ತಿದ್ದೇನೆ. ಗಂಗೊಳ್ಳಿ ಅಮ್ಮನ ಮಾತು ಮನಸ್ಸಿಗೆ ನಾಟಿತು. ನನ್ನ ಅತ್ತೆಯೂ ಮೀನು ಮಾರುವವರೇ.

ನಿಜ ಹೇಳುತ್ತೇನೆ. ಹಲಗೆ ಮೇಲೆ ಬಲೆಯ ಬಾಲ, ಅಂದರೆ ಮೀನು ಸೇರುವ ಕೊನೆಯ ಚೀಲ, ಬಿಚ್ಚಿದಾಗ ಬೀಳುವ ರಾಶಿಯಲ್ಲಿ ಪಾಂಬೋಲ್, ಬೊಂಡಾಸ್, ಮುರು ಬೇರೆ ಮಾಡಿದ ಮೇಲೆ ಅಡಿಯಲ್ಲಿ ಉಳಿಯುವುದು ಪೂರಾ ಮರಿ. ಏಡಿ ಮರಿ, ಅಂಜಲ್ ಮರಿ, ಹೆಸರೇ ಗೊತ್ತಿಲ್ಲದ ಮರಿ. ಸಲಿಕೆಯಲ್ಲಿ ತುಂಬುವುದು ನಾನೇ. ಮೊದಲ ವರ್ಷ ಕಷ್ಟ ಅನ್ನಿಸಿತ್ತು, ಆಮೇಲೆ ಅಭ್ಯಾಸ ಆಯಿತು. ಅದನ್ನು ಕಡಲಿಗೇ ಬಿಟ್ಟರೂ ಬದುಕುವುದಿಲ್ಲ, ಆಗಲೇ ಸತ್ತಿರುತ್ತದೆ. ಹಿಡಿಯದೇ ಇರುವ ದಾರಿ ಬೇಕು, ಹಿಡಿದ ಮೇಲೆ ಏನೂ ಮಾಡಲು ಆಗುವುದಿಲ್ಲ. ಆ ರಾಶಿಗೂ ದುಡ್ಡು ಬರುತ್ತದೆ ಅಂತ ಆದಾಗಿನಿಂದ ಬಲೆಯ ಕಣ್ಣು ಸಣ್ಣದಾಗುತ್ತಲೇ ಹೋಯಿತು. ಒಬ್ಬ ಬಿಟ್ಟರೆ ಇನ್ನೊಬ್ಬ ಹಿಡಿಯುತ್ತಾನೆ, ಅದಕ್ಕೇ ಯಾರೂ ಬಿಡುವುದಿಲ್ಲ. ಲೈಟ್ ಹಾಕಿ ಹಿಡಿಯುವುದು 2017ರಿಂದ ಬಂದ್, ಆದರೂ ರಾತ್ರಿ ಕಡಲಲ್ಲಿ ಬೆಳಕು ಕಾಣುತ್ತದೆ. ನಮ್ಮ ಯೂನಿಯನ್ ಮೀಟಿಂಗ್‌ನಲ್ಲೂ ಇದೇ ಜಗಳ.

ಚೌಕ ಕಣ್ಣಿನ ಬಲೆ ಅಂತ ಕೇಳಿದ್ದೆ. ಅದರ ಬಗ್ಗೆ ಯಾರಿಗಾದರೂ ಗೊತ್ತಾ?

ಕಡಲೋದು:

ಗೊತ್ತು. ನಿಮ್ಮ ಬಲೆಯ ಬಾಲದ ಕಣ್ಣು ವಜ್ರದ ಆಕಾರದ್ದು. ಎಳೆಯುವಾಗ ಭಾರಕ್ಕೆ ಅದು ಮುಚ್ಚಿಕೊಳ್ಳುತ್ತದೆ, ಕಣ್ಣು ದೊಡ್ಡದಿದ್ದರೂ ಮರಿ ಹೊರಗೆ ಹೋಗಲಾರದು. ಅದೇ ಬಲೆಯನ್ನು ಬಾಲದಲ್ಲಿ ಮಾತ್ರ ತಿರುಗಿಸಿ ಚೌಕವಾಗಿ ನಿಲ್ಲುವ ಹಾಗೆ ಹೊಲಿದರೆ ಎಳೆದಾಗಲೂ ತೆರೆದಿರುತ್ತದೆ. ಮರಿ ನುಸುಳುತ್ತದೆ, ದೊಡ್ಡದು ಉಳಿಯುತ್ತದೆ. ಪೂರ್ತಿ ಬಲೆ ಬದಲಿಸಬೇಕಿಲ್ಲ. ನೀರಿನ ಎಳೆತ ಕಡಿಮೆಯಾಗುವುದರಿಂದ ಡೀಸೆಲ್ಲೂ ಸ್ವಲ್ಪ ಉಳಿಯುತ್ತದೆ.

ಮಲ್ಪೆ_ಬೋಟು:

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್ 1ಕ್ಕೆ ಕಡಲು ತೆರೆಯುತ್ತದೆ. ಬಲೆ ರಿಪೇರಿ ಈಗಲೇ ನಡೆಯುತ್ತಿದೆ. ಬೋಟು ಓನರ್ ಹತ್ತಿರ ಮಾತಾಡಿದೆ. ಒಂದು ಬಾಲ ಮಾತ್ರ ಹಾಗೆ ಹೊಲಿದು ನೋಡೋಣ, ಎರಡು ಟ್ರಿಪ್ಪಿನಲ್ಲಿ ಲಾಸ್ ಆದರೆ ತೆಗೆದುಬಿಡುತ್ತೇನೆ ಅಂದರು. ಪಕ್ಕದ ಬೋಟಿನವರು ಆಗಲೇ ಬೇಡ ಅನ್ನುತ್ತಿದ್ದಾರೆ. ಹೊಲಿಯುವ ಕ್ರಮ ಚಿತ್ರ ಬರೆದು ಹಾಕಿ ಅಕ್ಕ. ಕ್ಯಾಮೆರಾದಲ್ಲಿ ತೆಗೆದ ಫೋಟೋ ನಮ್ಮ ಬಲೆ ಹೆಣೆಯುವ ಅಜ್ಜನಿಗೆ ಅರ್ಥ ಆಗುವುದಿಲ್ಲ, ಗೆರೆ ಎಳೆದು ತೋರಿಸಿದರೆ ಆಗುತ್ತದೆ.

ಗಂಗೊಳ್ಳಿ_ಬುಟ್ಟಿ:

ಅಮ್ಮ ಕೇಳುತ್ತಿದ್ದಾರೆ, ಅಗತ್ತಿಯ ಆ ಮನೆಯವರು ಹೇಗಿದ್ದಾರೆ? ಎರೆಮೀನು ಸಿಕ್ಕಿತಾ ಅವರಿಗೆ?

ಹಳೆಬಂದರು:

ನಿನ್ನೆ ರಾತ್ರಿ ಫೋನ್ ಮಾಡಿದ್ದೆ ಅಕ್ಕ. ಮಳೆಗೆ ನೆಟ್‌ವರ್ಕ್ ಕಡಿದು ಕಡಿದು ಬರುತ್ತಿತ್ತು. ಬೋಟು ದಡಕ್ಕೆ ಎಳೆದು ತೆಂಗಿನ ಗರಿ ಮುಚ್ಚಿದ್ದಾರಂತೆ. ಹೋದ ಸೀಸನ್‌ನಲ್ಲಿ ಎರೆಮೀನು ಹುಡುಕುವುದರಲ್ಲೇ ಎಷ್ಟೋ ಬೆಳಿಗ್ಗೆ ಕಳೆಯಿತು, ಕೆಲವು ದಿನ ಹಾಗೇ ವಾಪಸ್ ಬಂದೆವು ಅಂದರು. ನಾನು ಈಜಿದ ಜಾಗ ಕೇಳಿದೆ. ಕೊಂಬೆ ಹವಳ ಬಹಳ ಮುರಿದಿದೆ, ಉಂಡೆ ಹವಳ ಕೆಲವು ಮತ್ತೆ ಕಂದು ಬಣ್ಣಕ್ಕೆ ಬಂದಿವೆ. ಅವರ ಮಗ ಮಳೆಗೆ ಮೊದಲು ಮುಳುಗಿದಾಗ ಸತ್ತ ಬಂಡೆಯ ಮೇಲೆ ಹಣೆಬೊಟ್ಟಿನಷ್ಟು ಅಗಲದ ಹೊಸ ಹವಳ ಎಣಿಸಿದನಂತೆ, ಒಂದು ತೋಳಿನ ಉದ್ದಕ್ಕೆ ಏಳು.

ಮಂಗಳೂರಿನಿಂದ ಮಂಜಿ ಶುರುವಾದ ಮೇಲೆ ಮಾಸ್‌ಮಿನ್ ಕಳಿಸುತ್ತೇನೆ ಅಂದರು. ಬಂದರೆ ಅಮ್ಮನಿಗೂ ಒಂದು ತುಂಡು ತಂದುಕೊಡುತ್ತೇನೆ. ತುರಿದು ಕಾಯಿ ಚಟ್ನಿಗೆ ಹಾಕಲಿಕ್ಕೆ ಹೇಳಿ.